ನಿಘಂಟಿನ ಕ್ರಮ, ನೀರಿನ ಪಾಳಿ

ನನಗೆ ನಿಘಂಟು ಓದುವ ಚಟವಿದೆ. ಹೆಮ್ಮೆಯಿಂದ ಹೇಳಿಕೊಳ್ಳುವಂಥ ಚಟವೇನಲ್ಲ. ಎಲೆ ಅಡಿಕೆ ಹಾಕುವವರಿಗೆ ಜೊತೆ ಸಿಗುತ್ತದೆ, ಇಸ್ಪೀಟು ಆಡುವವರಿಗಂತೂ ಅರ್ಧ ಊರೇ ಜೊತೆ. ನಿಘಂಟು ಓದುವವನ ಪಕ್ಕಕ್ಕೆ ಯಾರೂ ಬಂದು ಕೂರುವುದಿಲ್ಲ. ನನ್ನ ಹೆಂಡತಿ ಹುಕ್ಕೇರಿಯವಳು. ಮದುವೆಯಾದ ಹೊಸದರಲ್ಲಿ ನಾನು ದಪ್ಪ ಪುಸ್ತಕ ಹಿಡಿದು ಕೂತದ್ದನ್ನು ಕಂಡು ಅದು ಪುರಾಣವೇ ಇರಬೇಕೆಂದು ಕೈ ಮುಗಿದಿದ್ದಳು. ಅದರಲ್ಲಿ ಕಥೆಯೇ ಇಲ್ಲವೆಂದು ಗೊತ್ತಾದ ಮೇಲೆ ನನ್ನ ಬಗ್ಗೆ ಆಕೆಗೆ ಹುಟ್ಟಿದ ಕನಿಕರ ಇನ್ನೂ ಪೂರ್ತಿ ಹೋಗಿಲ್ಲ.

ಕಥೆಯಿಲ್ಲ, ನಿಜ. ಆದರೆ ನಿಘಂಟಿನಲ್ಲಿ ನನಗೆ ಹಿಡಿಸಿದ್ದು ಅದರ ಮುಲಾಜಿಲ್ಲದ ನ್ಯಾಯ. ಅಲ್ಲಿ ಅಗಸ ಅರಸನಿಗಿಂತ ಮುಂದೆ ಬರುತ್ತಾನೆ. ಕತ್ತೆ ಕುದುರೆಗಿಂತ ಮುಂದೆ. ಚಪ್ಪಲಿ ರುಮಾಲಿಗಿಂತ ಎಷ್ಟೋ ಪುಟ ಮುಂದೆ. ಅಳಿಯ ಮಾವನಿಗಿಂತ ಮುಂದೆ ಬರುವುದು ನಮ್ಮ ಕಡೆಯ ಮದುವೆಮನೆಗಳಲ್ಲಿ ಹೇಗೂ ನಡೆದೇ ಇದೆ, ಅದನ್ನು ಬಿಡಿ. ದೆವ್ವ ದೇವರಿಗಿಂತ ಮುಂದೆ ಬರುತ್ತದೆ. ಅದಕ್ಕಾಗಿ ದೇವರು ಮುನಿಸಿಕೊಂಡದ್ದನ್ನು ನಾನಂತೂ ಕೇಳಿಲ್ಲ. ಯಾಕೆಂದರೆ ಅಲ್ಲಿಯ ಹಿಂದು ಮುಂದು ಯಾರಿಗೂ ತಾಗುವುದಿಲ್ಲ. ಅರಸ ಬೇಕಾದವನು ಅರಸನ ಪುಟ ತೆಗೆಯುತ್ತಾನೆ, ಅಗಸ ಬೇಕಾದವನು ಅಗಸನ ಪುಟ. ಅರಸ ಸಿಗಲಿಕ್ಕೆ ಅಗಸ ಮೊದಲು ಎದ್ದು ಹೋಗಬೇಕಾಗಿಲ್ಲ. ಹೆಸರು ಗೊತ್ತಿದ್ದರೆ ಸಾಕು, ನೇರವಾಗಿ ಮನೆಗೆ ಹೋಗಿ ಕದ ತಟ್ಟಬಹುದು.

ಸಾಲಿನ ಸಂಗತಿ ಬೇರೆ. ಸಾಲಿನಲ್ಲಿ ಹೆಸರಿಗೆ ಬೆಲೆಯಿಲ್ಲ, ನಿಂತ ಜಾಗಕ್ಕೆ ಬೆಲೆ. ಸಕ್ಕರೆಗೂ ಸೀಮೆಎಣ್ಣೆಗೂ ರೇಶನ್ ಇದ್ದ ಕಾಲದಲ್ಲಿ ಗೋಕಾಕದಲ್ಲಿ ನಾವು ಅಂಗಡಿಯ ಮುಂದೆ ಚೀಲವನ್ನೋ ಕಲ್ಲನ್ನೋ ಇಟ್ಟು ಜಾಗ ಹಿಡಿಯುತ್ತಿದ್ದೆವು. ನಾವು ಹುಣಸೆ ಮರದ ನೆರಳಿನಲ್ಲಿ, ನಮ್ಮ ಕಲ್ಲು ಬಿಸಿಲಿನ ಸಾಲಿನಲ್ಲಿ. ಆಗ ಯಾರಾದರೂ ನೀನು ಯಾರು ಎಂದು ಕೇಳಿದ್ದರೆ, ಕೆಂಪು ಚೀಲದ ಹಿಂದಿನ ಕಲ್ಲು ಎನ್ನುವುದೇ ಖರೆಯಾದ ಉತ್ತರವಾಗುತ್ತಿತ್ತು. ದಾರಿಹೋಕನೊಬ್ಬ ಆ ಕಲ್ಲನ್ನು ಒದ್ದು ಹಿಂದಕ್ಕೆ ಹಾಕಿದರೆ ನನ್ನ ಮನೆಯ ಸಕ್ಕರೆಯೂ ಹಿಂದಕ್ಕೆ ಹೋಗುತ್ತಿತ್ತು.

ಜಗತ್ತಿನಲ್ಲಿ ವಸ್ತುಗಳನ್ನು ಇಡುವುದಕ್ಕೆ ಇರುವುದು ಇವೆರಡೇ ರೀತಿ ಎಂದು ನನ್ನ ತಿಳಿವಳಿಕೆ: ಜಾಗದಿಂದ ಗುರುತಿಸುವುದು, ಹೆಸರಿನಿಂದ ಗುರುತಿಸುವುದು. ಎರಡೂ ಒಳ್ಳೆಯವೇ. ಕೆಲಸ ಕೆಡುವುದು ಒಂದನ್ನು ಇನ್ನೊಂದೆಂದು ತಿಳಿದಾಗ. ನನ್ನ ಹೆಂಡತಿ ಮಸಾಲೆ ಡಬ್ಬಿಗಳ ಕಡೆ ನೋಡದೆಯೇ ಕೈ ಹಾಕುತ್ತಾಳೆ. ಇಂಥ ಜಾಗದಲ್ಲಿ ಜೀರಿಗೆ, ಇಂಥ ಜಾಗದಲ್ಲಿ ಮೆಂತ್ಯ ಎಂದು ಆಕೆಯ ಬೆರಳಿಗೆ ಗೊತ್ತು. ಒಮ್ಮೆ ಆಕೆ ತವರಿಗೆ ಹೋದಾಗ ನಾನು ಉಪಕಾರ ಮಾಡುವ ಹುರುಪಿನಲ್ಲಿ ಅವನ್ನೆಲ್ಲ ಅರಿಶಿನ, ಇಂಗು, ಕೊತ್ತಂಬರಿ, ಜೀರಿಗೆ ಎಂದು ಅಕಾರಾದಿಯಾಗಿ ಜೋಡಿಸಿ ಚೀಟಿ ಅಂಟಿಸಿದೆ. ಆಕೆ ಬಂದ ದಿನದ ಸಾರನ್ನು ನಮ್ಮ ಎಮ್ಮೆಯೂ ಮೂಸಿ ನೋಡಿ ಮುಖ ತಿರುಗಿಸಿತು. "ಡಬ್ಬಿ ಮ್ಯಾಗಿನ ಹೆಸರ ಓದಿ ಅಡಗಿ ಮಾಡಾಕ ನಾ ಏನ ಸಾಲಿ ಮಾಸ್ತರನು?" ಎಂದಳು. ಆ ಸಾರನ್ನು ನಾನೇ ಉಂಡು ಮುಗಿಸಿದೆ.

ಇದು ನಗುವಂಥ ಎಡವಟ್ಟು. ಮದುವೆಗೆ ಮೊದಲೇ, ನೌಕರಿಯ ಆರಂಭದಲ್ಲಿ, ಇಂಥದೇ ಗೊಂದಲವನ್ನು ನಾನು ಇನ್ನೊಂದು ಕಡೆ ಮಾಡಿದ್ದೆ. ಅದು ನೆನಪಾದರೆ ಬಾಯಿ ಈಗಲೂ ಕಹಿಯಾಗುತ್ತದೆ. ನಗಿಸುತ್ತಾನೆಂದು ನಂಬಿ ಇಲ್ಲಿಯವರೆಗೆ ಬಂದವರು ಕ್ಷಮಿಸಬೇಕು.

ಏಕೀಕರಣವಾಗಿ ಒಂದೆರಡು ವರ್ಷ ಕಳೆದಿತ್ತು. ನನಗೆ ಮೊದಲ ನೌಕರಿ ಸಿಕ್ಕಿದ್ದು ಮೂಡಲಗಿಯ ಈಚೆ, ಕಲ್ಲೋಳಿಯ ರಸ್ತೆಯಿಂದ ಒಳಗೆ ಸರಿದ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ. ಹಳ್ಳಿಯ ಹೆಸರು ಹೇಳುವುದಿಲ್ಲ. ಸುತ್ತಲಿನ ಯಾವ ಹಳ್ಳಿಯ ಹೆಸರು ಹೇಳಿದರೂ ಕಥೆ ಸುಳ್ಳಾಗುವುದಿಲ್ಲ. ಟ್ರಂಕಿನಲ್ಲಿ ಎರಡು ಧೋತರ, ಎರಡು ಅಂಗಿ, ಟ್ರೇನಿಂಗ್ ಕಾಲೇಜಿನಲ್ಲಿ ಬಹುಮಾನವಾಗಿ ಬಂದ ಒಂದು ನಿಘಂಟು. ತಲೆಯಲ್ಲಿ ದೇಶವನ್ನು ತಿದ್ದುವ ವಿಚಾರ. ಶಾಲೆಗೆ ಇಬ್ಬರೇ ಮಾಸ್ತರರು. ಒಬ್ಬರು ಊರಿನಲ್ಲೇ ಬೇರುಬಿಟ್ಟ ಹಿರಿಯ ಮಾಸ್ತರರು, ಇನ್ನೊಬ್ಬ ನಾನು. ಮೂರನೆಯ ಮತ್ತು ನಾಲ್ಕನೆಯ ಇಯತ್ತೆಗಳು ಒಂದೇ ಕೋಣೆಯಲ್ಲಿ, ನನ್ನ ಪಾಲಿಗೆ. ಒಟ್ಟು ಮೂವತ್ತೊಂದು ಮಕ್ಕಳು.

ಹಾಜರಿ ಪುಸ್ತಕ ಹಿರಿಯ ಮಾಸ್ತರರ ಮುತ್ತಿನಂಥ ಅಕ್ಷರದಲ್ಲಿತ್ತು. ಆದರೆ ಅದರಲ್ಲಿಯ ಹೆಸರುಗಳ ಕ್ರಮ ನೋಡಿ ನನಗೆ ಜೀವ ಚಡಪಡಿಸಿತು. ಮೊದಲು ಶಿವನಗೌಡ, ಆಮೇಲೆ ಗೋವಿಂದ, ಆಮೇಲೆ ಬಸವಣ್ಣೆಪ್ಪ, ಅದರ ಕೆಳಗೆ ಅಡಿವೆಪ್ಪ. ಯಾವ ಅಕ್ಷರಕ್ಕೂ ಯಾವ ಅಕ್ಷರದ ಗುರುತು ಪರಿಚಯವಿಲ್ಲ. ಹಳೆಯ ತಲೆಯ ಮಾಸ್ತರರು, ಬಂದವರನ್ನು ಬಂದ ಹಾಗೆ ಬರೆದಿದ್ದಾರೆ ಎಂದುಕೊಂಡೆ. ನಿಜಕ್ಕೂ ಅದು ಅಡ್ಡಾದಿಡ್ಡಿಯಾಗಿರಲಿಲ್ಲ. ಮೊದಲು ಗೌಡರ ಮೊಮ್ಮಗ, ನಂತರ ಕುಲಕರ್ಣಿಯವರ ಮಗ, ನಂತರ ಪೇಟೆಯ ಅಂಗಡಿಯವರು, ಒಕ್ಕಲುತನದವರು, ಕುರಿ ಕಾಯುವವರು, ಹೀಗೆ ಊರನ್ನು ಮೇಲಿನಿಂದ ಕೆಳಕ್ಕೆ ಓದಿದ ಹಾಗೆ ಬರೆದಿತ್ತು. ತೀರ ಕೊನೆಗೆ ಹಳ್ಳದ ಆಚೆಯ ಕೇರಿಯ ಎರಡು ಮಕ್ಕಳು: ಹನಮಂತ ಮತ್ತು ಅವನ ಕಾಕಾನ ಮಗಳು ಅಂಬವ್ವ. ಅಂಬವ್ವನದು ಮೂವತ್ತೊಂದನೆಯ ನಂಬರು. ಇದನ್ನು ನೋಡಲಿಕ್ಕೆ ಬಹಳ ಜಾಣತನ ಬೇಕಿರಲಿಲ್ಲ. ಆದರೆ ಕಣ್ಣೆದುರಿಗಿದ್ದದ್ದನ್ನು ಕಾಣದೆ ಇರುವುದು ಒಂದು ಕಲೆ, ನಮ್ಮಂಥ ನಾಲ್ಕಕ್ಷರ ಓದಿದವರಿಗೆ ಅದು ಬೇಗ ಬರುತ್ತದೆ.

ಆ ಶಾಲೆಯಲ್ಲಿ ಎಲ್ಲವೂ ನಂಬರಿನ ಮೇಲೆ ನಡೆಯುತ್ತಿತ್ತು. ನಂಬರಿನ ಪ್ರಕಾರ ಕೂರುವುದು, ನಂಬರಿನ ಪ್ರಕಾರ ಬರೆದ ಪಾಟಿ ತಂದು ತೋರಿಸುವುದು, ನಂಬರಿನ ಪ್ರಕಾರ ನೀರು ಕುಡಿಯುವುದು. ಪಡಸಾಲೆಯ ಮೂಲೆಯಲ್ಲಿ ಒಂದು ದೊಡ್ಡ ಮಣ್ಣಿನ ಹರವಿ ಇತ್ತು. ಮಧ್ಯಾಹ್ನ ಮಾಸ್ತರರು ನಂಬರು ಕರೆಯಬೇಕು, ಮಕ್ಕಳು ಒಬ್ಬೊಬ್ಬರಾಗಿ ಹೋಗಿ ಕುಡಿದು ಬರಬೇಕು. ಅದಕ್ಕೆ ಪಾಳಿ ಎನ್ನುತ್ತಿದ್ದರು. ಕೊನೆಯ ಎರಡು ನಂಬರು ಬಂದಾಗ ದೊಡ್ಡ ಹುಡುಗನೊಬ್ಬ ತಂಬಿಗೆಯನ್ನು ಎತ್ತರಕ್ಕೆ ಹಿಡಿದು ಅವರ ಬೊಗಸೆಗೆ ನೀರು ಹೊಯ್ಯುತ್ತಿದ್ದ. ಆಮೇಲೆ ಹರವಿಯಲ್ಲಿ ಉಳಿದ ನೀರನ್ನು ಅಂಗಳಕ್ಕೆ ಚೆಲ್ಲಿ, ಅದನ್ನು ಬೋರಲು ಹಾಕುತ್ತಿದ್ದರು. ಈ ಪದ್ಧತಿಯ ಬಗ್ಗೆ ಯಾರಿಗೂ ತಕರಾರಿರಲಿಲ್ಲ, ಅಂದರೆ ತಕರಾರು ಇರಬಹುದಾದವರನ್ನು ಯಾರೂ ಕೇಳಿರಲಿಲ್ಲ.

ಹೊಸ ವರ್ಷದ ಶಾಲೆ ಜೂನ್ ತಿಂಗಳಲ್ಲಿ ಶುರುವಾಯಿತು. ಹೊಸ ಹಾಜರಿ ಪುಸ್ತಕ ನನ್ನ ಕೈಗೆ ಬಂತು. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಅಕಾರಾದಿಯಾಗಿ ಹೆಸರುಗಳನ್ನು ಬರೆದೆ. ಬರೆಯುವಾಗ ನನ್ನ ಮನಸ್ಸು ಎಷ್ಟು ಪ್ರಸನ್ನವಾಗಿತ್ತೆಂದರೆ, ಅಗಸ ಅರಸನನ್ನು ದಾಟಿ ಮುಂದೆ ಹೋದಾಗ ಆಗುವ ಸಂತೋಷವೆಲ್ಲ ಅಲ್ಲಿ ಆಯಿತು. ಶಿವನಗೌಡ ಇಪ್ಪತ್ತರಾಚೆ ಎಲ್ಲೋ ಹೋಗಿ ಬಿದ್ದ. ಹನಮಂತ ಹ-ಕಾರದ ದೆಸೆಯಿಂದ ಮೂವತ್ತೊಂದಾದ. ಅಂಗಡಿಯವರ ಅಡಿವೆಪ್ಪ ಎರಡು. ಒಂದನೆಯ ನಂಬರು ಅಂಬವ್ವ.

ಮರುದಿನ ಎಲ್ಲರಿಗೂ ಹೊಸ ನಂಬರು ಹೇಳಿ ಹಾಜರಿ ಕರೆದೆ. ಒಂದು ಎಂದೆ. ಯಾರೂ ಓ ಎನ್ನಲಿಲ್ಲ. ಬಾಗಿಲ ಬಳಿಯ ತನ್ನ ಎಂದಿನ ಜಾಗದಲ್ಲಿ ಕೂತಿದ್ದ ಅಂಬವ್ವ ಒಂದನೆಯ ನಂಬರು ಯಾರಿರಬಹುದೆಂದು ತಾನೂ ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದಳು. ನಾನು ಹೆಸರು ಹಿಡಿದು ಕರೆದೆ. ಆಗ ಆಕೆ ಎದ್ದು ನಿಂತು, ನನ್ನ ಮುಖ ನೋಡಿ, ಹಾಜರ್ ರೀ ಎಂದಳು. ಆಕೆಯ ದನಿಯನ್ನು ನಾನು ಅಷ್ಟು ಸ್ಪಷ್ಟವಾಗಿ ಕೇಳಿದ್ದು ಅದೇ ಮೊದಲು. ಮುಂದೆ ಬಂದು ಕೂರು ಎಂದೆ. ಬಂದು ಕೂತಳು. ಅಡಿವೆಪ್ಪ ಆಕೆಯ ಪಕ್ಕಕ್ಕೆ ಬರಬೇಕಾದವನು ಒಂದು ಮೊಳ ಜಾಗ ಬಿಟ್ಟು ಕೂತ. ಹುಡುಗಿಯರ ಹತ್ತಿರ ಕೂರಲು ನಾಚಿಕೆ ಇರಬೇಕೆಂದುಕೊಂಡೆ.

ಮಧ್ಯಾಹ್ನ ನೀರಿನ ಪಾಳಿ. ಮಳೆ ಇನ್ನೂ ಬಂದಿರಲಿಲ್ಲ, ಹಂಚಿನ ಕೆಳಗೆ ಮಕ್ಕಳ ಮುಖ ಬೆವರಿ ಹೊಳೆಯುತ್ತಿತ್ತು. ಒಂದು ಎಂದು ಕರೆದೆ. ಅಂಬವ್ವ ಎದ್ದು ನಿಂತಳು, ಮುಂದಕ್ಕೆ ಹೆಜ್ಜೆ ಇಡಲಿಲ್ಲ. ಹುಡುಗಿಗೆ ಸಂಕೋಚವೆಂದು ನಾನೇ ಎದ್ದು ಹರವಿಯಿಂದ ತಂಬಿಗೆ ತುಂಬಿ ಆಕೆಯ ಬೊಗಸೆಗೆ ಹೊಯ್ದೆ. ಕುಡಿದಳು. ಇನ್ನಷ್ಟು ಹೊಯ್ದೆ, ಅದನ್ನೂ ಕುಡಿದಳು. ಗಾಂಧಿಯವರು ಕಂಡಿದ್ದರೆ ನನ್ನ ಬೆನ್ನು ತಟ್ಟುತ್ತಿದ್ದರು ಎಂಬಂಥ ಭಾವ ನನ್ನೊಳಗೆ.

ಎರಡು ಎಂದೆ. ಅಡಿವೆಪ್ಪ ಎದ್ದು ನಿಂತು, "ನೀರಡಿಕಿ ಆಗಿಲ್ರಿ" ಎಂದ. ಮೂರು ಎಂದೆ. ಮೂರಕ್ಕೂ ನೀರಡಿಕೆ ಆಗಿರಲಿಲ್ಲ. ನಾಲ್ಕಕ್ಕೂ ಇಲ್ಲ, ಐದಕ್ಕೂ ಇಲ್ಲ. ತುಟಿ ಒಣಗಿದ ಮಕ್ಕಳು ಒಬ್ಬೊಬ್ಬರಾಗಿ ಎದ್ದು, ಯಾವ ಸಿಟ್ಟೂ ಇಲ್ಲದೆ, ಪಾಠ ಒಪ್ಪಿಸಿದ ಹಾಗೆ ಅದನ್ನೇ ಹೇಳಿ ಕೂತರು. ಹನಮಂತ ಮಾತ್ರ ಕುಡಿದ. ಎಂಟು ಹತ್ತು ವರ್ಷದ ಮಕ್ಕಳು ಅಷ್ಟು ಸಭ್ಯವಾಗಿ ಒಬ್ಬಳನ್ನು ಒಂಟಿ ಮಾಡಬಲ್ಲರು ಎನ್ನುವುದು ಯಾವ ಟ್ರೇನಿಂಗ್ ಕಾಲೇಜಿನ ಪುಸ್ತಕದಲ್ಲೂ ಇರಲಿಲ್ಲ. ಅಂಬವ್ವ ತನ್ನ ಒದ್ದೆ ಕೈಗಳನ್ನು ಪರಕಾರದ ಅಂಚಿಗೆ ಒರೆಸಿಕೊಳ್ಳುತ್ತ ನೆಲ ನೋಡುತ್ತ ಕೂತಿದ್ದಳು. ಕೈ ಒಣಗಿದ ಮೇಲೂ ಒರೆಸಿಕೊಳ್ಳುತ್ತಲೇ ಇದ್ದಳು.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ಹರವಿ ಒಡೆದು ಹೋಳಾಗಿ ಬಿದ್ದಿತ್ತು. ಬೆಕ್ಕು ಕೆಡವಿರಬೇಕು ಎಂದರು ಹಿರಿಯ ಮಾಸ್ತರರು. ಅಂಥ ಹರವಿಯನ್ನು ಕೆಡವಬೇಕಾದರೆ ಬೆಕ್ಕು ಗರಡಿಮನೆಯಲ್ಲಿ ಸಾಮು ಮಾಡಿರಬೇಕು. ಮಧ್ಯಾಹ್ನದೊಳಗೆ ಗೌಡರ ಮನೆಯಿಂದ ಹೊಸ ಹರವಿ ಬಂತು, ಅದರ ಹಿಂದೆ ಗೌಡರೂ ಬಂದರು.

ಗೌಡರು ಕೆಟ್ಟವರೆಂದು ಹೇಳಿದರೆ ನನಗೂ ನಿಮಗೂ ಕೆಲಸ ಹಗುರಾಗುತ್ತಿತ್ತು. ಅವರು ಕೆಟ್ಟವರಾಗಿರಲಿಲ್ಲ. ಹಣೆಯ ಮೇಲೆ ವಿಭೂತಿ, ಮೆಲುದನಿ. ಬಸವ ಜಯಂತಿಯ ದಿನ ಸಮತೆಯ ಮೇಲೆ ಅವರದೇ ಭಾಷಣ, ಕಣ್ಣಲ್ಲಿ ನೀರು ತರುವಂಥದ್ದು. ಶಾಲೆಗೆ ಜಾಗ ಕೊಟ್ಟವರು ಅವರು. ಕುರ್ಚಿಯ ಅಂಚಿಗೆ ಕೂತು ನನ್ನ ಊರು, ಹೊಟ್ಟೆಪಾಡು ಎಲ್ಲ ವಿಚಾರಿಸಿದರು. ಊಟಕ್ಕೆ ತೊಂದರೆಯಾದರೆ ಸಂಕೋಚವಿಲ್ಲದೆ ಮನೆಗೆ ಬರಬೇಕೆಂದರು. ಆಮೇಲೆ ಮಾತಿಗೆ ಬಂದರು.

"ನಿಮ್ಮ ಮ್ಯಾಲ ನಮ್ದೇನ ಸಿಟ್ಟಿಲ್ರಿ ಮಾಸ್ತರ. ಯಾರ ಹೆಚ್ಚು, ಯಾರ ಕಡಿಮಿ ಅಂತ ನಾವೂ ಅನ್ನಂಗಿಲ್ಲ. ಆದ್ರ ಸಾಲ ಅಂದಮ್ಯಾಲ ಒಂದ ಹಿಂದ, ಒಂದ ಮುಂದ ಇರತೈತಲ್ರಿ. ಹಿಂದಿನವ್ರ ಹಿಂದ ಇದ್ರ ಎಲ್ಲಾರೂ ಕುಡೀತಾರು. ಇಲ್ಲಾಂದ್ರ ಯಾರೂ ಕುಡಿಯಂಗಿಲ್ಲ. ನೀವ ಹೇಳ್ರಿ, ಯಾವ್ದ ಚಲೋ?"

ಇದು ಅಕಾರಾದಿ, ನಿಘಂಟಿನ ಕ್ರಮ, ಇದರಲ್ಲಿ ಯಾರೂ ಮೇಲಲ್ಲ ಕೆಳಗಲ್ಲ ಎಂದು ನಾನು ವಿವರಿಸಿದೆ. ಅವರು ಬಹಳ ತಾಳ್ಮೆಯಿಂದ ಕೇಳಿದರು. ಊರ ಮಕ್ಕಳಿಗೆ ನೀರಡಿಕೆಯಾದರೆ ನಾಳೆಯಿಂದ ಅವರು ಮನೆಯಲ್ಲೇ ಇರುತ್ತಾರೆ, ಅಥವಾ ಕೇರಿಯ ಎರಡು ಮಕ್ಕಳು ಮನೆಯಲ್ಲಿರುತ್ತಾರೆ, ಯಾವುದೆಂದು ನೀವೇ ನೋಡಿಕೊಳ್ಳಿ ಎಂದು ಹೇಳಿ, ಹೊಸ ಹರವಿಯ ನೀರು ತಂಪಾಗಿದೆಯೇ ಎಂದು ತಾವೇ ಒಂದು ಗುಟುಕು ಕುಡಿದು ನೋಡಿ ಹೋದರು.

ಆಗ ನನಗೆ ನನ್ನ ಗೊಂದಲ ತಿಳಿಯಿತು. ನಿಘಂಟಿನ ಕ್ರಮವನ್ನು ತಂದು ಸಾಲಿಗೆ ಹಚ್ಚಿದರೆ ಸಾಲು ನಿಘಂಟಾಗಿಬಿಡುತ್ತದೆ ಎಂದು ನಾನು ನಂಬಿದ್ದೆ. ಸಾಲು ಆ ಕ್ರಮವನ್ನು ತೆಗೆದುಕೊಂಡು ಸಾಲಾಗಿಯೇ ಉಳಿಯಿತು. ನಿಘಂಟಿನಲ್ಲಿ ಮೊದಲ ಪದವನ್ನು ಮುಟ್ಟದೆಯೇ ಎರಡನೆಯದಕ್ಕೆ ಹೋಗಬಹುದು. ಇಲ್ಲಿ ಒಂದು ಹರವಿ, ಒಂದು ತಂಬಿಗೆ, ಒಬ್ಬರ ಹಿಂದೆ ಒಬ್ಬರು. ಕಾಯ್ದೆ ಇದೆಯಲ್ಲ, ಅಸ್ಪೃಶ್ಯತೆ ಅಪರಾಧವಲ್ಲವೇ ಎಂದು ಹಿರಿಯ ಮಾಸ್ತರರ ಮುಂದೆ ಕೂಗಾಡಿದೆ. "ಕಾಯ್ದೆ ಐತ್ರಿ," ಎಂದರು ಅವರು, "ಆದ್ರ ಕಾಯ್ದೆಗೆ ನೀರಡಿಕಿ ಆಗೂದಿಲ್ಲ. ಹುಡುಗೂರಿಗೆ ಆಗತೈತಿ."

ಹಿರಿಯ ಮಾಸ್ತರರು ನನಗೆ ಸಹಾಯ ಮಾಡಲೆಂದೇ ಯೋಚಿಸಿದರು, ಅದರಲ್ಲಿ ಸಂಶಯವಿಲ್ಲ. ಮೊದಲು ಅಕಾರಾದಿಯನ್ನು ಕೊನೆಯಿಂದ ಬರೆದರೆ ಹೇಗೆ ಎಂದರು. ಹಾಗೆ ಮಾಡಿದರೆ ಹನಮಂತ ಒಂದನೆಯವನಾಗುತ್ತಾನೆ ಎಂದೆ. ಯಾವ ತುದಿಯಿಂದ ಹಿಡಿದರೂ ಕೇರಿಯೇ ಕೈಗೆ ಬರುತ್ತಿತ್ತು. ಅಂಬವ್ವನನ್ನು ನಡುವೆ ಎಲ್ಲಾದರೂ ಸೇರಿಸೋಣವೆಂದರೆ, ಆಗ ಅರ್ಧ ಶಾಲೆ ಕುಡಿಯುತ್ತದೆ, ಆಕೆಯ ಹಿಂದಿನ ಅರ್ಧ ಶಾಲೆ ಒಣಗುತ್ತದೆ. ಗಣಿತದ ಈ ಸತ್ಯ ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ಕೊನೆಗೆ ಅವರು ಒಂದು ಉಪಾಯ ಹೇಳಿದರು. ನಮ್ಮ ಕಡೆ ಮಗುವಿನ ಹೆಸರು, ಹುಟ್ಟಿದ ದಿನ ಎಲ್ಲವೂ ಶಾಲೆಗೆ ಹಚ್ಚುವಾಗ ಮಾಸ್ತರರ ಬಾಯಿಂದ ಬಂದದ್ದೇ ಖಾಯಂ. ಹೀಗಾಗಿಯೇ ನಮ್ಮ ತಾಲೂಕಿನ ಅರ್ಧ ಜನ ಜೂನ್ ಒಂದರಂದು ಹುಟ್ಟಿದವರು. ಹಾಗಿದ್ದ ಮೇಲೆ ಅಂಬವ್ವನನ್ನು ಹೊನ್ನವ್ವ ಎಂದು ಬರೆದರೆ ಮುಗಿಯಿತು. ಹೊ ಬರುವುದು ಹನಮಂತನ ಆಚೆ. ಹುಡುಗಿ ಮತ್ತೆ ಮೂವತ್ತೊಂದಾಗುತ್ತಾಳೆ, ನಿಮ್ಮ ಅಕಾರಾದಿಯೂ ಉಳಿಯಿತು, ಊರೂ ಉಳಿಯಿತು. ಹೊನ್ನು ಅಂದರೆ ಬಂಗಾರ, ಕಡಿಮೆಯ ಹೆಸರೇನಲ್ಲ ಎಂದೂ ಸೇರಿಸಿದರು. ಪದಕ್ಕೆ ತಕ್ಕ ಜಾಗ ಕೊಡುವ ನಿಘಂಟನ್ನು ನೋಡಿದ್ದೆ. ಜಾಗಕ್ಕೆ ತಕ್ಕ ಪದ ಹುಡುಕುವ ಕೋಶವನ್ನು ಅಲ್ಲಿ ಕಂಡೆ. ಹೇಳಲು ನಾಚಿಕೆಯಾಗುತ್ತದೆ, ಬೇರೆ ದಾರಿ ನನ್ನ ಬಡ ತಲೆಗೂ ಹೊಳೆಯಲಿಲ್ಲ. ಹುಡುಗಿ ಶಾಲೆಯಲ್ಲಿ ಉಳಿಯಬೇಕಿತ್ತು. ಆಕೆಯ ಲೆಕ್ಕ ಚುರುಕು, ಓದು ಚುರುಕು. ಆ ಕೋಣೆಯಲ್ಲಿ ಮಗ್ಗಿಯನ್ನು ತಿರುಗಿಸಿ ಕೇಳಿದರೆ ಹೇಳುತ್ತಿದ್ದವಳು ಆಕೆ ಒಬ್ಬಳೇ.

ಅವಳ ತಂದೆ ಲಕ್ಕಪ್ಪನವರನ್ನು ಕರೆಸಿದೆವು. ಕಾಲುವೆ ಕೆಲಸದ ಮಣ್ಣು ಮೈಮೇಲೆ ಇದ್ದ ಹಾಗೆಯೇ ಮಗಳ ಕೈ ಹಿಡಿದು ಬಂದರು. ಹಿಂದಿನ ವರ್ಷ ಬುದ್ಧನ ಧರ್ಮಕ್ಕೆ ಹೋದ ನಾಲ್ಕೈದು ಮನೆಗಳಲ್ಲಿ ಅವರದೂ ಒಂದು. ಹಿರಿಯ ಮಾಸ್ತರರು ಹೆಸರು ಬದಲಿಸುವ ವಿಚಾರ ಹೇಳಿದರು. ಕಾರಣ ಯಾರೂ ಬಿಡಿಸಿ ಹೇಳಲಿಲ್ಲ, ಲಕ್ಕಪ್ಪನವರೂ ಕೇಳಲಿಲ್ಲ. ಪಡಸಾಲೆಯ ಕಂಬಕ್ಕೆ ಕೈ ಹಚ್ಚಿ ಅವರು ನನ್ನ ಕಡೆ ತಿರುಗಿದರು.

"ಅಂಬವ್ವ ಅನ್ನೂದು ನಮ್ಮವ್ವನ ಹೆಸರ ರೀ. ಅಕೀಗೆ ಸಾಲಿ ಕಟ್ಟಿ ಹತ್ತಗೊಡಲಿಲ್ಲ. ಮೊಮ್ಮಗಳಾದ್ರೂ ಹತ್ಲಿ ಅಂತ ಅದ ಹೆಸರ ಇಟ್ಟೇನಿ. ಈಗ ನಿಮಗ ಹೆಂಗ ಬೇಕ ಹಂಗ ಬರಕೋರಿ. ಹುಡುಗೀನ ಮಾತ್ರ ಬಿಡಸಬ್ಯಾಡ್ರಿ."

ಇಷ್ಟು ಹೇಳಿ ಅವರು ಮುಖ ಬೇರೆ ಕಡೆ ಮಾಡಿದರು. ನಾನು ಹಾಜರಿ ಪುಸ್ತಕ ತೆಗೆದೆ. ಟಾಕು ಮಸಿಗೆ ಅದ್ದಿದೆ. ಆಗ ಅಂಬವ್ವ, ತನ್ನನ್ನು ಯಾರೂ ಕೇಳದೆ ಇದ್ದರೂ, ಮಾತಾಡಿದಳು.

"ಹೆಸರ ಇರ್ಲಿ ರೀ. ಒಂದನೇ ನಂಬರ ನಂದ ಇರ್ಲಿ. ನೀರ ನಾ ಮನಿಯಾಗ ಕುಡದ ಬರ್ತೇನಿ."

ಹಿರಿಯ ಮಾಸ್ತರರು ನಕ್ಕರು, ಮಕ್ಕಳ ಮಾತಿಗೆ ದೊಡ್ಡವರು ನಗುವ ಹಾಗೆ. ನಾನು ಆಕೆಯನ್ನು ಹತ್ತಿರ ಕರೆದು, ನಂಬರು ಬೇಕಾದರೆ ಇರಲಿ, ನೀರನ್ನು ಮೊದಲಿನ ಹಾಗೆ ಹನಮಂತನ ಜೊತೆ ಕೊನೆಗೆ ಕುಡಿ ಎಂದೆ. ಬಹಳ ಜಾಣ ಪರಿಹಾರ ಹೇಳಿದೆನೆಂದುಕೊಂಡಿದ್ದೆ. ಆಕೆ ನನ್ನನ್ನು ನೋಡಿದ ರೀತಿ, ದಡ್ಡ ವಿದ್ಯಾರ್ಥಿಯನ್ನು ನಾನು ನೋಡುವ ರೀತಿ. "ಒಂದನೇ ನಂಬರ ಕಡೀಕ ಹೆಂಗ ಕುಡಿತೈತ್ರಿ?" ಎಂದಳು. ನನ್ನ ಸ್ವಂತ ತಂಬಿಗೆಯಿಂದ ಬೇರೆಯಾಗಿ ಕೊಡುತ್ತೇನೆಂದೆ. ಅದಕ್ಕೂ ತಲೆ ಅಲ್ಲಾಡಿಸಿ, "ಪಾಳಿಯೊಳಗ ಕೊಟ್ರ ಕುಡಿತೇನ್ರಿ, ಕದ್ದ ಕುಡಿಯೂದ ಬ್ಯಾಡ" ಎಂದಳು.

ಟಾಕಿನ ಮಸಿ ಒಣಗಿತು. ಹೊನ್ನವ್ವ ಎಂದು ನಾನು ಬರೆಯಲಿಲ್ಲ. ಅದು ನನ್ನ ಧೈರ್ಯವೆಂದು ಯಾರೂ ತಿಳಿಯಬಾರದು. ಹುಡುಗಿ ನೀರು ಮುಟ್ಟದಿದ್ದರೆ ಆಕೆಯ ನಂಬರು ಯಾವುದಿದ್ದರೂ ಊರಿಗೆ ನಡೆಯುತ್ತಿತ್ತು. ಗೌಡರಿಗೆ ಸುದ್ದಿ ಮುಟ್ಟಿದಾಗ, ಹುಡುಗಿ ಶಾಣೆ ಅದಾಳ ಎಂದು ಮೆಚ್ಚಿದರಂತೆ. ಎಲ್ಲರೂ ಗೆದ್ದರು, ಎಲ್ಲರಿಗೂ ಬೇಕಾದದ್ದು ಸಿಕ್ಕಿತು, ಒಂದು ಬೊಗಸೆ ನೀರು ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ.

ಅಂದಿನಿಂದ ಪಾಳಿ ಹೀಗೆ ನಡೆಯತೊಡಗಿತು. ನಾನು ಒಂದು ಎಂದು ಕರೆಯುವುದು. ಅಂಬವ್ವ ಎದ್ದು ನಿಂತು "ಕುಡದೇನ್ರಿ" ಎನ್ನುವುದು. ಆಮೇಲೆ ಎರಡು ಎಂದು ಕರೆದರೆ ಅಡಿವೆಪ್ಪ ಹೋಗಿ ಹೊಟ್ಟೆ ತುಂಬ ಕುಡಿಯುವುದು. ಬೆಳಿಗ್ಗೆ ಮನೆಯಲ್ಲಿ ಕುಡಿದು ಬಂದದ್ದಕ್ಕೆ ಕುಡಿದಿದ್ದೇನೆ ಎಂದರೆ ಸುಳ್ಳಲ್ಲ. ಆದರೆ ಸಂಜೆ ಶಾಲೆ ಬಿಡುವವರೆಗೆ ಆ ಮಾತಿನ ಮೇಲೆ ಇರುವುದೆಂದರೆ ಬಹಳ ಉದ್ದದ ಹೊತ್ತು. ಒಮ್ಮೊಮ್ಮೆ ಓದುವಾಗ ಆಕೆಯ ನಾಲಗೆ ಅಂಗುಳಕ್ಕೆ ಅಂಟಿಕೊಂಡು ಅಕ್ಷರ ತಡೆಯುತ್ತಿತ್ತು. ಆಗ ನಾನು ಸಾಕು ಕೂರು ಎನ್ನುತ್ತಿದ್ದೆ, ಆಕೆ ಕೂರುತ್ತಿರಲಿಲ್ಲ, ಪಾಠ ಮುಗಿಸಿಯೇ ಕೂರುತ್ತಿದ್ದಳು. ಇತ್ತ ಪಡಸಾಲೆಯಲ್ಲಿ ಗೌಡರ ಹರವಿ ತೊಟ್ಟಿಕ್ಕುತ್ತ ತಂಪಾಗಿ ಕೂತಿರುತ್ತಿತ್ತು.

ನನಗೆ ಬೇರೊಂದು ಮನಸ್ಸಿತ್ತು: ಪಾಳಿಯನ್ನೇ ತೆಗೆದುಹಾಕಿ, ಬೇಕಾದವರು ಬೇಕಾದಾಗ ಹೋಗಿ ಕುಡಿಯಿರಿ ಎನ್ನಬೇಕು, ನಿಜವಾದ ನಿಘಂಟಿನ ಹಾಗೆ. ಹಿರಿಯ ಮಾಸ್ತರರ ಕಿವಿಗೆ ಹಾಕಿದೆ. ಹಾಗೆ ಮಾಡಿದ ದಿನ ಹರವಿಗೆ ಬೆಕ್ಕು ಮತ್ತೆ ಬರುತ್ತದೆ ಎಂದರು. ಹರವಿ ಹೋದರೆ ಹೋಗಲಿ ಎನ್ನುವಷ್ಟು ಬಾಯಿ ನನಗಿರಲಿಲ್ಲ. ಬೆಕ್ಕು ಈ ಸಲ ಹರವಿಗೇ ನಿಲ್ಲುತ್ತದೆಯೋ, ಹಳ್ಳದ ಆಚೆಯ ಮನೆಗಳವರೆಗೂ ಹೋಗುತ್ತದೆಯೋ ಎಂದು ಹೆದರಿದೆ.

ಮಾರ್ಚ್ ತಿಂಗಳಲ್ಲಿ ಗೋಕಾಕದಿಂದ ಶಾಲಾ ತಪಾಸಣೆಗೆ ಸಾಹೇಬರು ಬಂದರು. ಗೌಡರ ಮನೆಯಲ್ಲಿ ಉಪ್ಪಿಟ್ಟು, ಶಿರಾ, ಚಹಾ ಮುಗಿಸಿಕೊಂಡು, ಗೌಡರ ಜೊತೆಗೇ ನನ್ನ ಕೋಣೆಗೆ ಬಂದರು. ಬಿಸಿಲು ಹಂಚನ್ನು ಸುಡುತ್ತಿತ್ತು. ಸಾಹೇಬರು ಒಳ್ಳೆಯ ಮನುಷ್ಯರು, ಸುಧಾರಣೆಯ ಕನಸಿದ್ದವರು. ಅಕಾರಾದಿ ಹಾಜರಿ ನೋಡಿ ತಾಲೂಕಿನಲ್ಲೇ ಇಂಥ ಶಿಸ್ತು ಕಂಡಿಲ್ಲ ಎಂದರು. ಒಂದನೆಯ ನಂಬರಿನ ಹೆಸರು, ಅಡ್ಡಹೆಸರು ಓದಿ, ಕೇರಿಯ ಮಗುವೆಂದು ತಿಳಿದು, ತಲೆಯೆತ್ತಿ ನನ್ನನ್ನೂ ಗೌಡರನ್ನೂ ನೋಡಿದರು. ಅವರ ಕಣ್ಣಿನಲ್ಲಿ ಖರೆಯಾದ ಸಂತೋಷವಿತ್ತು.

ನೀರಿನ ಹೊತ್ತಾಯಿತು. ಸಾಹೇಬರು ಪಾಳಿ ನೋಡುತ್ತೇನೆಂದು ಕುರ್ಚಿಯನ್ನು ಪಡಸಾಲೆಗೆ ಹಾಕಿಸಿಕೊಂಡು ಕೂತರು. ನಾನು ಒಂದು ಎಂದು ಕರೆದೆ. ಅಂಬವ್ವ ಎದ್ದು ನಿಂತಳು. "ಕುಡದೇನ್ರಿ" ಎಂದಳು. ಸಾಹೇಬರಿಗೆ ಅರ್ಥವಾದದ್ದು ಒಂದೇ: ಈ ಹುಡುಗಿ ತಾವು ಬರುವ ಮೊದಲೇ, ಎಲ್ಲರಿಗಿಂತ ಮೊದಲು, ಇದೇ ಹರವಿಯ ನೀರು ಕುಡಿದಿದ್ದಾಳೆ. ಕೇರಿಯ ಮಗು ಮೊದಲು ಕುಡಿದ ಹರವಿಯಲ್ಲಿ ಊರ ಮಕ್ಕಳೆಲ್ಲ ಕುಡಿಯುತ್ತಾರೆ. ಇಂಥ ಊರು ಜಿಲ್ಲೆಗೇ ಮಾದರಿ ಎಂದು ಅವರು ಗೌಡರ ಕೈ ಹಿಡಿದು ಕುಲುಕಿದರು. ಗೌಡರು ವಿನಯದಿಂದ ತಲೆ ತಗ್ಗಿಸಿ, ಎಲ್ಲ ಬಸವಣ್ಣನವರ ಕೃಪೆ ಎಂದರು. ಹಿರಿಯ ಮಾಸ್ತರರು ನನ್ನನ್ನು ನೋಡಿದರು. ನಾನು ಅಂಬವ್ವನನ್ನು ನೋಡಿದೆ.

ಸಾಹೇಬರು ಕುರ್ಚಿಯಿಂದ ಎದ್ದು ಆಕೆಯ ಹತ್ತಿರ ಹೋಗಿ ತಲೆಯ ಮೇಲೆ ಕೈ ಇಟ್ಟು, ನಗುತ್ತ, "ನೀರ ತಂಪ ಇತ್ತೇನವಾ?" ಎಂದು ಕೇಳಿದರು.

ಅಂಬವ್ವ ಒಮ್ಮೆ ಹರವಿಯ ಕಡೆ ನೋಡಿದಳು. ಶಾಲೆ ಬಿಡಿಸಬೇಡಿ ಎಂದು ಲಕ್ಕಪ್ಪನವರು ಆ ದಿನ ಕೇಳಿಕೊಂಡದ್ದು ನೆನಪಿತ್ತೋ ಏನೋ, ಅಥವಾ ಆ ಪಡಸಾಲೆಯಲ್ಲಿ ಯಾರ ಬಾಯಿಂದ ಯಾವ ಮಾತು ಬಂದರೆ ಯಾರ ಮನೆಗೆ ಏನಾಗುತ್ತದೆ ಎಂದು ನಮ್ಮೆಲ್ಲರಿಗಿಂತ ಚೆನ್ನಾಗಿ ಆಕೆಗೆ ತಿಳಿದಿತ್ತು. ತುಟಿಗಳನ್ನು ನಾಲಗೆಯಿಂದ ಒದ್ದೆ ಮಾಡಿಕೊಳ್ಳಲು ಹೋದಳು, ಆಗಲಿಲ್ಲ.

"ತಂಪ ಇತ್ರಿ" ಎಂದಳು.

ಎಲ್ಲರೂ ನನ್ನ ಮುಂದಿನ ಕರೆಗೆ ಕಾಯುತ್ತಿದ್ದರು. ನಾನು ಎರಡು ಎಂದು ಕರೆದೆ.